ಬೈಟು ಕಾಫಿಯೋ, ಪೋರ್ ಓವರೋ? ಬೆಂಗಳೂರಿನಲ್ಲಿ ನಿಮ್ಮ ಕಾಫಿ ಅಂಗಡಿ ಆರಿಸುವ ಬಗೆ

ಬೆಂಗಳೂರಿನಲ್ಲಿ ‘ಕಾಫಿ ಬಾರ್’ ಅನ್ನುವ ಮಾತಿಗೆ ಈಗ ಎರಡು ಅರ್ಥ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಆ ಹೆಸರು ಇಟ್ಟುಕೊಂಡಿದೆ: ಬೆರಳೆಣಿಕೆಯ ತಿಂಡಿ, ಕಾಫಿ, ನಿಂತು ತಿಂದು ಕುಡಿದು ಹೊರಡುವ ಜಾಗ. ಇಂದಿರಾನಗರ, ಕೋರಮಂಗಲದ ಕಡೆ ಅದೇ ಮಾತು ಹೇಳಿದರೆ ಎಸ್ಪ್ರೆಸೊ ಯಂತ್ರ, ಗ್ರಾಂ ಲೆಕ್ಕದ ತಕ್ಕಡಿ, ತೋಟದ ಹೆಸರು ಅಚ್ಚಾದ ಪೊಟ್ಟಣ ಕಣ್ಮುಂದೆ ಬರುತ್ತವೆ. ಅಲ್ಲಿ ಲೋಟಕ್ಕೆ 20 ರೂಪಾಯಿ ಆಸುಪಾಸು, ಇಲ್ಲಿ ಕಪ್ಪಿಗೆ 200ರಿಂದ 350. ಬೀಜ ಮಾತ್ರ ಎರಡು ಕಡೆಯೂ ಚಿಕ್ಕಮಗಳೂರಿನ ಒಂದೇ ಬೆಟ್ಟದಿಂದ ಇಳಿದು ಬಂದಿರಬಹುದು.

ಇವುಗಳ ನಡುವೆ ಆರಿಸಬೇಕಾದಾಗ ಹೆಚ್ಚಿನವರು ಮೊಬೈಲಿನಲ್ಲಿ ನಕ್ಷತ್ರ ಎಣಿಸುತ್ತಾರೆ. ಆ ನಕ್ಷತ್ರಗಳು ದೋಸೆಗೆ, ಪಾರ್ಕಿಂಗಿಗೆ, ಗೋಡೆಯ ಬಣ್ಣಕ್ಕೆ ಎಲ್ಲಕ್ಕೂ ಸೇರಿ ಬಿದ್ದಿರುತ್ತವೆ. ಕಾಫಿ ಹೇಗಿದೆ ಅನ್ನುವುದಕ್ಕೆ ಕೌಂಟರಿನ ಹಿಂದೆ ನಡೆಯುವ ಕೆಲಸವೇ ಸಾಕ್ಷಿ, ಅದನ್ನು ಎರಡು ನಿಮಿಷ ನಿಂತು ನೋಡಿದರೆ ಸಾಕು. ಹತ್ತಾರು ಶಾಖೆಗಳಿರುವ ಸರಣಿ ಅಂಗಡಿಗಳನ್ನು ಇಲ್ಲಿ ಬಿಟ್ಟಿದ್ದೇವೆ. ಅವುಗಳ ರುಚಿ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ, ಹುಡುಕಿ ತಿಳಿಯುವಂಥದ್ದೇನಿಲ್ಲ. ಒಂಟಿ ಅಂಗಡಿಯ ಕಾಫಿ ಅದನ್ನು ಮಾಡುವ ಕೈಯನ್ನೇ ನಂಬಿಕೊಂಡಿರುತ್ತದೆ.

ಹೇಗೆ ಕುಡಿಯುತ್ತೀರಿ ಅನ್ನುವುದು ಮೊದಲು

ಹಾಲು ಬೇಕೇ ಬೇಕು, ಐದು ನಿಮಿಷದಲ್ಲಿ ಮುಗಿಯಬೇಕು ಅಂದರೆ ನಿಂತು ಕುಡಿಯುವ ದರ್ಶಿನಿಗೆ ಹೋಗಿ. ಹಾಲಿಲ್ಲದೆ ಬೀಜದ ರುಚಿಯನ್ನೇ ತಿಳಿಯಬೇಕು ಅಂದರೆ ಬೀಜ ಹುರಿಯುವ ಕೆಫೆ. ಗೆಳೆಯರ ಜತೆ ಒಂದು ಗಂಟೆ ಮಾತಾಡಬೇಕು, ಕಾಫಿ ಕೈಯಲ್ಲಿದ್ದರೆ ಸಾಕು ಅಂದರೆ ಕೂರಿಸುವ ಹಳೆಯ ಹೋಟೆಲು. ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂರುವವರು ಕೆಫೆಗೇ ಹೋಗಬೇಕು, ಶನಿವಾರ ಭಾನುವಾರ ಬಿಟ್ಟು.

ಒಂದು ತಪ್ಪು ಬಹಳ ಜನ ಮಾಡುತ್ತಾರೆ: ಕೆಫೆಗೆ ಹೋಗಿ 300 ಮಿಲಿಲೀಟರಿನ ಲಾಟೆ ಕುಡಿದು ‘ನಮ್ಮ ಫಿಲ್ಟರ್ ಕಾಫಿಯೇ ವಾಸಿ’ ಅನ್ನುವುದು. ಅಷ್ಟು ಹಾಲಿನಲ್ಲಿ 36 ಗ್ರಾಂ ಎಸ್ಪ್ರೆಸೊ (ಯಂತ್ರದ ಒತ್ತಡದಲ್ಲಿ ತೆಗೆದ ಗಟ್ಟಿ ಕಾಫಿ) ಮುಳುಗಿಹೋಗಿರುತ್ತದೆ. ಹಾಲಿನ ಕಾಫಿಯೇ ಬೇಕಿದ್ದರೆ ಒಳ್ಳೆಯ ದರ್ಶಿನಿಯ ಲೋಟ ಸಾಧಾರಣ ಕೆಫೆಯ ಲಾಟೆಯನ್ನು ಸುಲಭವಾಗಿ ಸೋಲಿಸುತ್ತದೆ. ಕೆಫೆಗೆ ದುಡ್ಡು ಕೊಡುವುದು ದರ್ಶಿನಿಯಲ್ಲಿ ಸಿಗದಿರುವುದಕ್ಕೆ.

ನಿಂತು ಕುಡಿಯುವ ಕಡೆ: ಡಿಕಾಕ್ಷನ್ ಯಾವಾಗ ಇಳಿದದ್ದು?

ದರ್ಶಿನಿ ಅನ್ನುವ ಏರ್ಪಾಡು 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾಯಿತು: ಮೊದಲು ದುಡ್ಡು ಕೊಟ್ಟು ಟೋಕನ್ ತಗೊಳ್ಳುವುದು, ಕೌಂಟರಿನಲ್ಲಿ ಕೊಡುವುದು, ನಿಂತು ಮುಗಿಸುವುದು. ಗಂಟೆಗೆ ನೂರಾರು ಲೋಟ ಹೋಗುವ ಜಾಗದಲ್ಲಿ ಕಾಫಿ ಚೆನ್ನಾಗಿರಲು ಕಾರಣವೂ ಈ ವೇಗವೇ, ಕೆಡಲು ಕಾರಣವೂ ಅದೇ.

ಲೆಕ್ಕ ಹೀಗೆ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಅರ್ಧ ಕೆಜಿ ಪುಡಿಗೆ 3 ಲೀಟರ್ ಬಿಸಿನೀರು ಹೊಯ್ದರೆ ಸುಮಾರು 2 ಲೀಟರ್ ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಲೋಟಕ್ಕೆ 25ರಿಂದ 30 ಮಿಲಿಲೀಟರ್ ಡಿಕಾಕ್ಷನ್, 80 ಮಿಲಿಲೀಟರ್ ಹಾಲು ಅಂದರೆ 70 ಕಾಫಿ, ಲೋಟವೊಂದಕ್ಕೆ 7 ಗ್ರಾಂ ಪುಡಿ. ಜನ ಹೆಚ್ಚಿರುವ ಹೊತ್ತಿನಲ್ಲಿ ಇದು ಅರ್ಧ ಗಂಟೆಯಲ್ಲಿ ಖಾಲಿಯಾಗುತ್ತದೆ, ಮತ್ತೆ ಹೊಸದು ಇಳಿಯುತ್ತದೆ. ಬೆಳಿಗ್ಗೆ 7ರಿಂದ 9, ಸಂಜೆ 4ರಿಂದ 6 ಒಳ್ಳೆಯ ಹೊತ್ತು ಅನ್ನುವುದು ಇದಕ್ಕೇ. ಮಧ್ಯಾಹ್ನ 12ರಿಂದ 3ರವರೆಗೆ ಅದೇ ಡಿಕಾಕ್ಷನ್ ಬಿಸಿನೀರಿನ ಪಾತ್ರೆಯೊಳಗೆ ಕೂತು ಹುಳಿಗೂ ಕಹಿಗೂ ತಿರುಗುತ್ತದೆ. ಬಾಗಿಲು ತೆಗೆದ ಕೂಡಲೇ ಹೋಗುವುದೂ ಜಾಣತನವಲ್ಲ, ಕೆಲವು ಕಡೆ ಹಿಂದಿನ ರಾತ್ರಿ ಉಳಿದದ್ದು ಮೊದಲು ಖರ್ಚಾಗುತ್ತದೆ.

ಕೆಡುವ ಇನ್ನೊಂದು ದಾರಿ ಎರಡನೆಯ ಡಿಕಾಕ್ಷನ್. ಒಮ್ಮೆ ಇಳಿಸಿದ ಚರಟಕ್ಕೆ ಮತ್ತೆ ನೀರು ಹೊಯ್ದು ಬರುವ ತೆಳು ರಸವನ್ನು ಮೊದಲಿನದಕ್ಕೆ ಬೆರೆಸಿದರೆ ಬಣ್ಣ ಉಳಿಯುತ್ತದೆ, ವಾಸನೆ ಉಳಿಯುವುದಿಲ್ಲ. ನಾಲಿಗೆಯ ಬದಿಗಳು ಒಣಗಿದ ಹಾಗಾಗುತ್ತವೆ. ಅದನ್ನು ಮುಚ್ಚಲು ಸಕ್ಕರೆ ಹೆಚ್ಚುತ್ತದೆ. ಹಾಗಾಗಿ ಅಳೆದು ನೋಡುವಾಗ ‘ಸಕ್ಕರೆ ಬೇರೆ ಕೊಡಿ’ ಅನ್ನಿ. ಸಕ್ಕರೆಯನ್ನು ಮೊದಲೇ ಹಾಲಿಗೋ ಡಿಕಾಕ್ಷನ್‌ಗೋ ಸೇರಿಸಿಟ್ಟ ಅಂಗಡಿಯಲ್ಲಿ ಇದು ಆಗುವುದಿಲ್ಲ. ಆಗದು ಅಂದರೆ ಆ ಅಂಗಡಿಯ ಬಗ್ಗೆ ನಿಮಗೊಂದು ವಿಷಯ ತಿಳಿದಂತಾಯಿತು.

ಚಿಕೋರಿಯನ್ನು ಶತ್ರುವಿನಂತೆ ಕಾಣಬೇಕಿಲ್ಲ. ಹಾಲಿನ ಕಾಫಿಗೆ ಅದು ಮೈ ಕೊಡುತ್ತದೆ, ಡಿಕಾಕ್ಷನ್ ನಿಧಾನವಾಗಿ ಇಳಿಯುವಂತೆ ಮಾಡುತ್ತದೆ. 80ಕ್ಕೆ 20, 70ಕ್ಕೆ 30 ನಮ್ಮ ಕಡೆ ರೂಢಿಯ ಬೆರಕೆ. ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಪರ್ಸೆಂಟಿಗಿಂತ ಕಡಿಮೆ ಇರುವಂತಿಲ್ಲ, ಅಂದರೆ 49ರವರೆಗೆ ಚಿಕೋರಿ ಇದ್ದರೂ ಅದು ನಿಯಮದೊಳಗೇ ಇದೆ. ಹೆಚ್ಚಾದದ್ದು ತಿಳಿಯುವುದು ಸುಲಭ: ಲೋಟ ಕಪ್ಪಗೆ, ಮಂದವಾಗಿ ಕಾಣುತ್ತದೆ, ಮೂಗಿಗೆ ಮಾತ್ರ ಏನೂ ಬರುವುದಿಲ್ಲ. ಕುಡಿದ ಮೇಲೆ ಗಂಟಲ ಹತ್ತಿರ ಸುಟ್ಟ ಸಕ್ಕರೆಯಂಥ ಕಹಿ ನಿಲ್ಲುತ್ತದೆ. ಗಟ್ಟಿ ಬಣ್ಣ ನೋಡಿ ‘ಸ್ಟ್ರಾಂಗ್ ಕಾಫಿ’ ಅಂದುಕೊಳ್ಳುವವರು ಮೋಸ ಹೋಗುವುದು ಇಲ್ಲೇ.

ಹಾಲಿನ ಕಡೆಗೂ ಕಣ್ಣಿರಲಿ. ನಂದಿನಿಯ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು 3 ಪರ್ಸೆಂಟ್, ಕಿತ್ತಳೆ ಬಣ್ಣದ ಶುಭಂನಲ್ಲಿ 4.5. ಕೌಂಟರಿನ ಪಕ್ಕದ ಕ್ರೇಟು ನೋಡಿದರೆ ಯಾವುದು ಅಂತ ಗೊತ್ತಾಗಿಬಿಡುತ್ತದೆ. ಗಟ್ಟಿ ಹಾಲಿಗೆ ಡಿಕಾಕ್ಷನ್ ಕಡಿಮೆಯಾದರೆ ಕಾಫಿ ಪಾಯಸದಂತಾಗುತ್ತದೆ, ತೆಳು ಹಾಲಿಗೆ ಹೆಚ್ಚಾದರೆ ಒರಟು. ಗಂಟೆಗಟ್ಟಲೆ ಕುದ್ದ ಹಾಲು ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿ ಕೆನೆಯ ಚೂರು ಬಿಡುತ್ತದೆ. ಆ ಕಾಯ್ದ ವಾಸನೆಯನ್ನು ಇಷ್ಟಪಡುವವರು ಇದ್ದಾರೆ, ಆದರೆ ಅದರ ಕೆಳಗೆ ಕಾಫಿ ಸಿಗುವುದಿಲ್ಲ. ಎತ್ತರದಿಂದ ಎರಡು ಮೂರು ಸಲ ಹೊಯ್ದರೆ ನೊರೆಯೂ ಬಂತು, ಕುಡಿಯುವ ಹದಕ್ಕೆ ಬಿಸಿಯೂ ಇಳಿಯಿತು. ಅದಕ್ಕಿಂತ ಹೆಚ್ಚು ಹೊಯ್ದರೆ ಬರೀ ತಣ್ಣಗಾಗುತ್ತದೆ.

ಸ್ಟೀಲ್ ಲೋಟವೋ ಗಾಜಿನ ಲೋಟವೋ ಇದ್ದರೆ ಅದರಲ್ಲೇ ಕೇಳಿ. ಪೇಪರ್ ಕಪ್ಪಿನಲ್ಲಿ ಮೊದಲು ಮೂಗಿಗೆ ಬರುವುದು ಕಾಗದದ ವಾಸನೆ. ಕೊನೆಯ ಗುಟುಕನ್ನು ಐದು ನಿಮಿಷ ಬಿಟ್ಟು ಕುಡಿಯಿರಿ. ಆರಿದ ಮೇಲೂ ಹಿತವಾಗಿದ್ದರೆ ಪುಡಿ, ಹಾಲು ಎರಡೂ ಸರಿ ಇವೆ. ಲೋಟದ ತಳದಲ್ಲಿ ಕೆಸರಿನಂಥ ಚರಟ ಉಳಿದಿದ್ದರೆ ಶೋಧಿಸುವ ಬಟ್ಟೆ ಸವೆದಿದೆ, ಇಲ್ಲವೇ ಪುಡಿ ಅತಿ ನುಣ್ಣಗಿದೆ.

ಬ್ರಾಹ್ಮಿನ್ಸ್‌ಗೆ ಹೋಗುವವರು ಭಾನುವಾರ ಬಿಟ್ಟು ಹೋಗಿ, ಅಂದು ಬಾಗಿಲು ಮುಚ್ಚಿರುತ್ತದೆ. ಮಲ್ಲೇಶ್ವರದಲ್ಲಿ 1977ರಿಂದ ಇರುವ ವೀಣಾ ಸ್ಟೋರ್ಸ್ ಇದೇ ಜಾತಿಯದು: ಇಡ್ಲಿ ಮುಗಿಸಿ ಲೋಟ ಹಿಡಿದು ಫುಟ್‌ಪಾತಿನಲ್ಲೇ ನಿಲ್ಲುವ ಜಾಗ. ಎರಡು ಕಡೆಯೂ ಬೆಳಿಗ್ಗೆ 8ರ ಹೊತ್ತಿಗೆ ನೂಕುನುಗ್ಗಲು ಇರುತ್ತದೆ. ಒಳ್ಳೆಯ ಡಿಕಾಕ್ಷನ್ ಬೇಕಾದವರು ಆ ನೂಕುನುಗ್ಗಲನ್ನು ಸಹಿಸಿಕೊಳ್ಳಲೇಬೇಕು.

ಕೂತು ಕುಡಿಯುವ ಹಳೆಯ ಹೋಟೆಲು

ಇಲ್ಲಿ ಕಾಫಿಗಾಗಿಯೇ ಹೋಗುವುದಕ್ಕಿಂತ ತಿಂಡಿಯ ಜತೆ ಕುಡಿಯುವುದು ಸರಿ. ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರದು, ಕಾಫಿಯನ್ನು ಬೆಳ್ಳಿ ಲೋಟದಲ್ಲಿ ಕೊಡುವುದಕ್ಕೆ ಹೆಸರುವಾಸಿ, ಸೋಮವಾರ ರಜೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು, ಶುಕ್ರವಾರ ರಜೆ. ತುಪ್ಪದ ದೋಸೆಯ ಮೇಲೆ ಕುಡಿಯುವ ಕಾಫಿ ಸ್ವಲ್ಪ ಕಹಿಯಾಗಿದ್ದರೇ ಚೆನ್ನ. ಬರೀ ಹೊಟ್ಟೆಯಲ್ಲಿ ಅದೇ ಲೋಟ ಕುಡಿದು ತೀರ್ಪು ಕೊಡುವುದು ನ್ಯಾಯವಲ್ಲ.

ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್ ಬೇರೆ ಕಥೆ. ಅದು ಕಾರ್ಮಿಕರ ಸಹಕಾರ ಸಂಘದ್ದು. ಎಂ.ಜಿ. ರಸ್ತೆಯಲ್ಲಿದ್ದದ್ದು 2009ರಲ್ಲಿ ಇಲ್ಲಿಗೆ ಬಂತು. ಕಡಿಮೆ ದುಡ್ಡಿಗೆ ಆರಾಮಾಗಿ ಕೂರಲು ನಗರದ ನಡುವೆ ಇಂಥ ಜಾಗಗಳು ಇನ್ನು ಹೆಚ್ಚು ಉಳಿದಿಲ್ಲ. ಆ ಒಂದು ಕಾರಣಕ್ಕೇ ಅದನ್ನು ಪಟ್ಟಿಯಲ್ಲಿ ಮೇಲೆ ಇಡಬೇಕು.

ಬೀಜ ಹುರಿಯುವ ಕೆಫೆ

ಒಳಗೆ ಕಾಲಿಟ್ಟ ಕೂಡಲೇ ಮಾರಾಟಕ್ಕಿಟ್ಟ ಪೊಟ್ಟಣ ತಿರುಗಿಸಿ ನೋಡಿ. ಹುರಿದ ದಿನಾಂಕ ಇರಬೇಕು. ಪ್ಯಾಕ್ ಮಾಡಿದ ದಿನಾಂಕ ಮಾತ್ರ ಇದ್ದರೆ ಅದರಿಂದ ಏನೂ ತಿಳಿಯದು. ಹುರಿದ ಬೀಜದಿಂದ ಮೊದಲ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿರುತ್ತದೆ. ಆ ಹೊತ್ತಿನಲ್ಲಿ ಎಸ್ಪ್ರೆಸೊ ತೆಗೆದರೆ ನೊರೆ ಜಾಸ್ತಿ, ರುಚಿ ಚೆಲ್ಲಾಪಿಲ್ಲಿ. ಪೋರ್ ಓವರಿಗೆ (ಶೋಧಕದಲ್ಲಿಟ್ಟ ಪುಡಿಯ ಮೇಲೆ ಕೈಯಿಂದ ಬಿಸಿನೀರು ಹೊಯ್ದು ಇಳಿಸುವ ಕಾಫಿ) ಹುರಿದ ಒಂದು ವಾರದಿಂದ ನಾಲ್ಕು ವಾರ, ಎಸ್ಪ್ರೆಸೊಗೆ ಹತ್ತು ದಿನ ಕಳೆದ ಮೇಲಿನದು ಒಳ್ಳೆಯದು. ಎರಡು ತಿಂಗಳು ದಾಟಿದ್ದನ್ನು ಪೂರ್ತಿ ಬೆಲೆ ಕೊಟ್ಟು ಕುಡಿಯಬೇಕಿಲ್ಲ.

ಪೊಟ್ಟಣದ ಮೇಲಿನ ಹೆಸರುಗಳನ್ನು ಓದುವುದು ಕಷ್ಟವಲ್ಲ. ಎಸ್.795 ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ತಳಿ, ನಮ್ಮ ಅರೇಬಿಕಾ ತೋಟಗಳಲ್ಲಿ ಹೆಚ್ಚು ಬೆಳೆಯುವಂಥದ್ದು. ರುಚಿಯಲ್ಲಿ ಬೆಲ್ಲದ ಕಡೆಗೆ, ಮಸಾಲೆಯ ಕಡೆಗೆ ವಾಲುತ್ತದೆ. ಸೆಲೆಕ್ಷನ್ 9ರಲ್ಲಿ ಇಥಿಯೋಪಿಯಾದ ತಳಿಯ ಬೆರಕೆ ಇದೆ, ಹಾಗಾಗಿ ಹೂವಿನ, ಹಣ್ಣಿನ ಛಾಯೆ ಹೆಚ್ಚು. ‘ವಾಶ್ಡ್’ ಅಂದರೆ ತೋಟದವರು ಪಾರ್ಚ್‌ಮೆಂಟ್ ಅನ್ನುವುದು: ತಿರುಳು ಬಿಡಿಸಿ, ತೊಳೆದು ಒಣಗಿಸಿದ್ದು. ‘ನ್ಯಾಚುರಲ್’ ಅಂದರೆ ಹಣ್ಣನ್ನು ಹಾಗೇ ಒಣಗಿಸಿದ ಚೆರಿ. ಹಿಂದೆ ತೋಟದಲ್ಲಿ ಚೆರಿಗೆ ಬೆಲೆ ಕಡಿಮೆ. ಈಗ ಕಳಿತ ಹಣ್ಣನ್ನೇ ಆರಿಸಿ, ದಿನಕ್ಕೆ ಹಲವು ಸಲ ತಿರುವಿ, ಎತ್ತರದ ಮಂಚಗಳ ಮೇಲೆ ಒಣಗಿಸಿದ ಅದೇ ಚೆರಿ ಕೆಫೆಯ ಪಟ್ಟಿಯಲ್ಲಿ ತುಟ್ಟಿಯ ಸಾಲಿನಲ್ಲಿರುತ್ತದೆ. ಮೊದಲ ಸಲ ಪೋರ್ ಓವರ್ ಕುಡಿಯುವವರು ವಾಶ್ಡ್ ಎಸ್.795ರಿಂದ ಶುರು ಮಾಡಿ. ನ್ಯಾಚುರಲ್‌ನ ಹುದುಗಿದ ಹಣ್ಣಿನ ವಾಸನೆ ಮೊದಲ ದಿನವೇ ಹಲವರಿಗೆ ಹಿಡಿಸುವುದಿಲ್ಲ.

ಆಮೇಲೆ ಕೈಕೆಲಸ. ಬೀಜವನ್ನು ನೀವು ಹೇಳಿದ ಮೇಲೆ ಬೀಸಬೇಕು. ಎಸ್ಪ್ರೆಸೊಗೆ 18 ಗ್ರಾಂ ಪುಡಿ, 36ರಿಂದ 40 ಗ್ರಾಂ ಕಾಫಿ, 25ರಿಂದ 30 ಸೆಕೆಂಡ್: ಈ ಅಳತೆಯ ಆಸುಪಾಸಿನಲ್ಲಿ ತೂಗಿ ತೆಗೆಯುವವರು ಇದ್ದರೆ ಧೈರ್ಯವಾಗಿ ಕೂರಿ. ತಕ್ಕಡಿ ಮೂಲೆಯಲ್ಲಿ ಧೂಳು ಹಿಡಿದಿದ್ದರೆ ಅಂದಿನ ರುಚಿ ಅದೃಷ್ಟಕ್ಕೆ ಬಿಟ್ಟದ್ದು. ಬೆಳಗಿನ ತೇವ, ಮಧ್ಯಾಹ್ನದ ಬಿಸಿಗೆ ತಕ್ಕಂತೆ ಗ್ರೈಂಡರನ್ನು ತಿದ್ದುತ್ತಿರಬೇಕು. ತಿದ್ದದಿದ್ದರೆ ಮಳೆ ಬಂದ ದಿನ ಅದೇ ಯಂತ್ರದಲ್ಲಿ ಕಾಫಿ ಬೇರೆ ವೇಗದಲ್ಲಿ ಇಳಿಯುತ್ತದೆ. ಹಾಲು ಕಾಯಿಸುವ ಹಬೆಯ ಕೊಳವೆಯನ್ನು ಪ್ರತಿ ಸಲ ಒರೆಸಿ, ಒಮ್ಮೆ ಹಬೆ ಬಿಟ್ಟು ತೊಳೆಯುತ್ತಾರೋ ಇಲ್ಲವೋ ನೋಡಿ. ಒಣಗಿದ ಹಾಲು ಅಂಟಿಕೊಂಡ ಕೊಳವೆ ಕಂಡರೆ ಹಾಲಿಲ್ಲದ ಕಾಫಿ ಹೇಳಿ, ಇಲ್ಲವೇ ಎದ್ದು ಬನ್ನಿ.

ಪೋರ್ ಓವರಿಗೆ 15 ಗ್ರಾಂ ಪುಡಿ, 240 ಮಿಲಿಲೀಟರ್ ನೀರು, ಎರಡೂವರೆಯಿಂದ ಮೂರೂವರೆ ನಿಮಿಷ. ಹುಳಿಯಾಗಿ ನೀರುನೀರಾಗಿದ್ದರೆ ಪುಡಿ ದಪ್ಪವಾಗಿದೆ ಅಥವಾ ನೀರಿನ ಬಿಸಿ ಸಾಲದು. ಕಹಿಯಾಗಿ ನಾಲಿಗೆ ಒಣಗಿಸಿದರೆ ಪುಡಿ ನುಣ್ಣಗಾಗಿ ನೀರು ಹೆಚ್ಚು ಹೊತ್ತು ನಿಂತಿದೆ. ಒಳ್ಳೆಯ ಹುಳಿ ಮೋಸಂಬಿಯ ಹಾಗೆ, ಹಿಂದೆಯೇ ಸಿಹಿ ಬರುತ್ತದೆ. ಕೆಟ್ಟ ಹುಳಿ ಕೆಟ್ಟ ಮಜ್ಜಿಗೆಯ ಹಾಗೆ, ಹಿಂದೆ ಏನೂ ಬರುವುದಿಲ್ಲ. ಕಾರಣ ಹೇಳಿ ಬದಲಾಯಿಸಿ ಕೊಡಿ ಅಂದರೆ ಒಳ್ಳೆಯ ಕೆಫೆಯವರು ಮುಖ ಗಂಟಿಕ್ಕದೆ ಇನ್ನೊಂದು ಮಾಡಿಕೊಡುತ್ತಾರೆ.

ಬೆಂಗಳೂರಿಗೇ ಸೇರಿದ ಎರಡು ಸಂಗತಿ ಇಲ್ಲಿವೆ. ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಕಡಲತೀರದ ಊರುಗಳಂತೆ ಕುದಿ ಆರಲು ಹೆಚ್ಚು ಹೊತ್ತು ಕಾಯಬೇಕಿಲ್ಲ, ಕಾದರೆ ನೀರು ಕಾಫಿಗೆ ಸಾಲದಷ್ಟು ತಣ್ಣಗಾಗುತ್ತದೆ. ಇನ್ನೊಂದು ನೀರಿನ ಗಡಸು. ಕಾವೇರಿ ನೀರು ಬರುವ ಬಡಾವಣೆಗೂ ಬೋರ್‌ವೆಲ್, ಟ್ಯಾಂಕರ್ ನಂಬಿದ ಬಡಾವಣೆಗೂ ರುಚಿ ಬೇರೆ. ಗಡಸು ನೀರು ಹುಳಿಯನ್ನು ಮಂಕು ಮಾಡುತ್ತದೆ. ಆರ್‌ಓ ಯಂತ್ರದಿಂದ ಬಂದ ಪೂರ್ತಿ ಬೋಳು ನೀರು ಕಾಫಿಯನ್ನೂ ಬೋಳು ಮಾಡುತ್ತದೆ. ಟಿಡಿಎಸ್ (ಒಂದು ಲೀಟರ್ ನೀರಿನಲ್ಲಿ ಕರಗಿರುವ ಲವಣ, ಮಿಲಿಗ್ರಾಂ ಲೆಕ್ಕದಲ್ಲಿ) 150ರ ಆಸುಪಾಸು ಇದ್ದರೆ ಒಳ್ಳೆಯದು, 75ಕ್ಕಿಂತ ಕೆಳಗೆ, 250ಕ್ಕಿಂತ ಮೇಲೆ ಹೋಗಬಾರದು. ‘ಯಾವ ನೀರು ಬಳಸುತ್ತೀರಿ’ ಅಂತ ಕೇಳಿದಾಗ ಸಲೀಸಾಗಿ ಉತ್ತರ ಕೊಡುವ ಅಂಗಡಿ ಉಳಿದ ವಿಷಯಗಳಲ್ಲೂ ಎಚ್ಚರವಾಗಿಯೇ ಇರುತ್ತದೆ. ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ರುಚಿ ಇಳಿದರೆ ಬೀಜವನ್ನು ಬೈಯುವ ಮೊದಲು ಟ್ಯಾಂಕರ್ ನೆನಪಿಸಿಕೊಳ್ಳಿ.

ಕೆಫೆಯ ಹಾಲಿನ ಕಾಫಿ ‘ಬಿಸಿಯೇ ಇಲ್ಲ’ ಅನ್ನುವುದು ನಮ್ಮವರ ದೊಡ್ಡ ದೂರು. ಅಲ್ಲಿ ಹಾಲನ್ನು 60ರಿಂದ 65 ಡಿಗ್ರಿಗೆ ನಿಲ್ಲಿಸುವುದು ಬೇಕೆಂದೇ, ಆ ಬಿಸಿಯಲ್ಲಿ ಹಾಲಿನ ಸಿಹಿ ನಾಲಿಗೆಗೆ ಚೆನ್ನಾಗಿ ತಿಳಿಯುತ್ತದೆ. 70 ದಾಟಿದರೆ ನೊರೆ ಒರಟಾಗಿ ಕಾಯ್ದ ವಾಸನೆ ಬರುತ್ತದೆ. ‘ಎಕ್ಸ್‌ಟ್ರಾ ಹಾಟ್’ ಅನ್ನಬೇಡಿ, ‘ಕಪ್ಪನ್ನು ಬಿಸಿನೀರಿನಲ್ಲಿ ತೊಳೆದು ಕೊಡಿ’ ಅನ್ನಿ. ಪರೀಕ್ಷೆಗೆ ದೊಡ್ಡ ಲಾಟೆಗಿಂತ 150 ಮಿಲಿಲೀಟರಿನ ಫ್ಲಾಟ್ ವೈಟ್ (ಎಸ್ಪ್ರೆಸೊಗೆ ಲಾಟೆಗಿಂತ ಕಡಿಮೆ ಹಾಲು ಬೆರೆಸಿದ್ದು) ಸರಿ, ದರ್ಶಿನಿಯ ಲೋಟದ ಜತೆ ಹೋಲಿಸಲೂ ಅದೇ ಹತ್ತಿರದ್ದು.

ಇಂದಿರಾನಗರದ ಅರಕು ಕಾಫಿ ಆಂಧ್ರದ ಅರಕು ಕಣಿವೆಯ ಆದಿವಾಸಿ ಬೆಳೆಗಾರರ ಬೀಜ ತರುತ್ತದೆ. ನಮ್ಮ ಮಲೆನಾಡಿನ ಕಾಫಿಗೂ ಅದಕ್ಕೂ ಇರುವ ವ್ಯತ್ಯಾಸ ತಿಳಿಯಲು ಒಳ್ಳೆಯ ಜಾಗ. ಕೋರಮಂಗಲದ ದ್ಯೂ ಆರ್ಟ್ ಕೆಫೆ ಕೇರಳದ ಮನೆಯಂಥ ಅಂಗಳದಲ್ಲಿ ಕೂರಿಸುತ್ತದೆ, ನಿಧಾನವಾಗಿ ಕುಡಿಯುವವರಿಗೆ ಹೇಳಿ ಮಾಡಿಸಿದ್ದು.

ಒಂದೇ ಬೆಳಗಿನಲ್ಲಿ ಹೋಲಿಸುವುದು

ಇಬ್ಬರು ಹೋಗಿ. ಬೈಟು, ಅಂದರೆ ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದು, ಇರುವುದೇ ಇದಕ್ಕೆ ಅನ್ನುವಷ್ಟು ಅನುಕೂಲ: ನಾಲ್ಕು ದರ್ಶಿನಿಯಲ್ಲಿ ಬೈಟು ಕುಡಿದರೂ ತಲೆಗೆ ಎರಡು ಕಾಫಿಯಷ್ಟೇ. ಪ್ರತಿ ಕಡೆ ಒಂದೇ ಮಾತು ಹೇಳಿ: ಒಂದು ಬೈಟು, ಸಕ್ಕರೆ ಬೇರೆ. ಸ್ಟ್ರಾಂಗ್ ಅನ್ನಬೇಡಿ, ಅಂಗಡಿಯ ಸಹಜ ಹದವೇ ಬೇಕು. ನಡುವೆ ನೀರು ಕುಡಿಯಿರಿ, ಚಟ್ನಿ ಮುಟ್ಟಬೇಡಿ, ಖಾರದ ನಾಲಿಗೆಗೆ ಎಲ್ಲ ಕಾಫಿಯೂ ಒಂದೇ.

ಹಳೆಯ ಹೋಟೆಲಿಗೂ ಕೆಫೆಗೂ ಪಕ್ಕಪಕ್ಕ ಹೋಲಿಕೆ ಬೇಕಿದ್ದರೆ ಚರ್ಚ್ ಸ್ಟ್ರೀಟ್ ಸುಲಭ. ಕಾಫಿ ಹೌಸ್ ಇರುವ ಅದೇ ಬೀದಿಯಲ್ಲಿ ಮ್ಯಾಟಿಯೊ ಕಾಫಿಯಾ ಇದೆ, ಮೆಟ್ರೊ ಇಳಿದರೆ ಎರಡೂ ನಡಿಗೆಯ ದೂರ. ಮೊದಲು ಹಾಲಿಲ್ಲದ್ದು, ಆಮೇಲೆ ಹಾಲಿನದು ಕುಡಿಯಿರಿ. ಸಂಜೆ 5ರ ಮೇಲೆ ಇದನ್ನು ಮಾಡದಿರುವುದು ಒಳ್ಳೆಯದು. ರೋಬಸ್ಟಾ ಜಾತಿಯ ಕಾಫಿಯಲ್ಲಿ ಕೆಫೀನ್ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು, ಹೋಟೆಲಿನ ಪುಡಿಯಲ್ಲಿ ರೋಬಸ್ಟಾ ಇರುವುದು ಸಾಮಾನ್ಯ. ಚಿಕ್ಕ ಲೋಟ ಅಂತ ಮೂರು ಕುಡಿದರೆ ನಿದ್ದೆ ಹೋದೀತು.

ನಿಮ್ಮ ಬಡಾವಣೆಯಲ್ಲಿ ಹುಡುಕುವುದು

ಹತ್ತಿರದ ಕಾಫಿ ಪುಡಿ ಅಂಗಡಿಗೆ ಹೋಗಿ ನೂರು ಗ್ರಾಂ ಪ್ಲಾಂಟೇಷನ್ ಎ (ತೊಳೆದ ಅರೇಬಿಕಾದ ದಪ್ಪ ಬೀಜ) ಮತ್ತು ಪೀಬೆರ್ರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜ) ಬೆರಕೆ ಬೀಸಿಸಿಕೊಳ್ಳಿ. ಬೀಸುವಾಗ ‘ನಿಮ್ಮ ಪುಡಿ ಯಾವ ಹೋಟೆಲಿಗೆ ಹೋಗುತ್ತೆ, ಚಿಕೋರಿ ಎಷ್ಟು ಹಾಕಿಸಿಕೊಳ್ಳುತ್ತಾರೆ?’ ಅಂತ ಕೇಳಿ. ನಗರದ ಯಾವ ಆ್ಯಪ್ಪಿಗೂ ಗೊತ್ತಿಲ್ಲದ ಪಟ್ಟಿ ಅಲ್ಲಿ ಸಿಗುತ್ತದೆ. ಹುರಿಯುವ ಕೆಫೆಯವರನ್ನೂ ಹೀಗೇ ಕೇಳಬಹುದು, ತಮ್ಮ ಬೀಜವನ್ನು ಚೆನ್ನಾಗಿ ಮಾಡುವ ಬೇರೆ ಚಿಕ್ಕ ಅಂಗಡಿ ಯಾವುದು ಅಂತ ಅವರು ಸಂತೋಷದಿಂದಲೇ ಹೇಳುತ್ತಾರೆ.

ಒಂದು ಅಂಗಡಿ ಹಿಡಿಸಿದರೆ ಮೂರು ಸಲ ಹೋಗಿ: ಒಮ್ಮೆ ಬೆಳಿಗ್ಗೆ ಜನಜಂಗುಳಿಯಲ್ಲಿ, ಒಮ್ಮೆ ಮಧ್ಯಾಹ್ನ 2ಕ್ಕೆ, ಇನ್ನೊಮ್ಮೆ ಕಾಫಿ ಬೆರೆಸುವವರ ವಾರದ ರಜೆಯ ದಿನ. ಆ ರಜೆ ಯಾವತ್ತು ಅಂತ ಕ್ಯಾಷಿಯರನ್ನು ಕೇಳಿದರೆ ಹೇಳುತ್ತಾರೆ. ಬದಲಿ ಕೈಯಿಂದಲೂ ಅದೇ ಕಾಫಿ ಬಂದರೆ ಅಲ್ಲಿ ಅಳತೆ ಇದೆ, ಕಣ್ಣು ಮುಚ್ಚಿ ನೆಂಟರನ್ನು ಕರೆದುಕೊಂಡು ಹೋಗಬಹುದು. ಬರದಿದ್ದರೆ ಆ ಒಬ್ಬರು ಕೌಂಟರಿನಲ್ಲಿರುವ ದಿನಗಳನ್ನು ಗುರುತಿಟ್ಟುಕೊಂಡು ಹೋಗಿ.